ವಾಪಸ್ಸು ಬಂದ ಕೊಡೆಗಳು

ಹೊರಗೆ ಹೊರಟವಳು ಗೇಟಿನವರೆಗೆ ಹೋಗಿ ಮತ್ತೆ ಒಳಗೆ ಬಂದು ಒಲೆಯ ಗುಂಡಿ ಮುಟ್ಟಿ ನೋಡುವುದು ಸೊಸೆಯ ಹಳೆಯ ಚಾಳಿ. ಮುಟ್ಟಿ ನೋಡಿದ ಮೇಲೂ ಬೀದಿಯ ತಿರುವಿನಲ್ಲಿ ಒಮ್ಮೆ ನಿಲ್ಲುತ್ತಿದ್ದಳು, ಮುಟ್ಟಿದ್ದು ನಿಜವೋ, ಮುಟ್ಟಿದೆ ಅಂದುಕೊಂಡದ್ದೋ ಎಂದು. ಮಾವ ಇದನ್ನೆಲ್ಲ ವರಾಂಡದ ಕುರ್ಚಿಯಲ್ಲಿ ಕೂತು ನೋಡಿ ನೋಡಿ ಅವಳಿಗೆ ಇನ್ಸ್‌ಪೆಕ್ಟ್ರಮ್ಮ ಎಂದು ಹೆಸರಿಟ್ಟಿದ್ದರು. ಹೆಸರಿನಲ್ಲಿ ಕೊಂಕಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಎಂಬಿಎ ಓದುತ್ತೇನೆ ಎಂದು ಅವಳು ಬಾಯಿಬಿಟ್ಟಾಗ ಗಂಡ ತಲೆ ಕೆರೆದುಕೊಂಡಿದ್ದ, ಅತ್ತೆ ಮೂಗು ಮುರಿದಿದ್ದರು. "ಓದ್ಲಿ ಬಿಡ್ರೋ, ಸುಮ್ನೆ ಕೂತ್ರೆ ನಮ್ಮನೇ ಲೆಕ್ಕಾನೇ ತಪಾಸಣೆ ಮಾಡ್ತಾಳೆ" ಎಂದು ನಕ್ಕು ದಾರಿ ಮಾಡಿಕೊಟ್ಟವರು ಮಾವನೇ. ಆ ಉಪಕಾರವನ್ನು ಅವಳು ಮರೆತಿರಲಿಲ್ಲ. ಮರೆಯಲು ಅವರು ಬಿಟ್ಟಿರಲೂ ಇಲ್ಲ.

ಮೊದಲ ವರ್ಷದ ಕೊನೆಗೆ ಪ್ರೊಫೆಸರು ಒಂದು ಅಸೈನ್‌ಮೆಂಟು ಕೊಟ್ಟರು. ಈಗ ಆ ಹೆಸರಿನಲ್ಲಿ ಇಲ್ಲದ ಒಂದು ಕಂಪನಿಯನ್ನು ಆರಿಸಿಕೊಳ್ಳಬೇಕು. ಅದರ ಹತ್ತು ವರ್ಷದ ಲಾಭನಷ್ಟ ಹುಡುಕಬೇಕು. ಪ್ರತಿ ವರ್ಷಕ್ಕೂ ಅಂಕಿ ಎಲ್ಲಿಂದ ಬಂತು ಎನ್ನುವುದಕ್ಕೆ ವಾರ್ಷಿಕ ವರದಿಯ ಪುಟದ ಜೆರಾಕ್ಸ್ ಇಡಬೇಕು. ಆಮೇಲೆ ತರಗತಿಯ ಎದುರು ನಿಂತು ವಿವರಿಸಬೇಕು. ಇದರಲ್ಲಿ ಪಾಸಾಗದವರಿಗೆ ಎರಡನೇ ವರ್ಷವಿಲ್ಲ. ಬದುಕಿರುವ ಕಂಪನಿಯ ಲೆಕ್ಕವಾದರೆ ಫೋನಿನಲ್ಲೇ ಸಿಗುತ್ತದೆ. ಸತ್ತ ಕಂಪನಿಯ ಲೆಕ್ಕವನ್ನು ಯಾರ ಮನೆ ಬಾಗಿಲು ತಟ್ಟಿ ಕೇಳುವುದು ಎಂದು ತರಗತಿಯವರೆಲ್ಲ ಗೋಳಾಡಿದರು. ಅವಳೊಬ್ಬಳು ಸುಮ್ಮನಿದ್ದಳು. ಮಾವ ಒಂದು ಕೊಡೆ ಕಂಪನಿಯ ಲೆಕ್ಕಪತ್ರ ವಿಭಾಗದ ಮುಖ್ಯಸ್ಥರಾಗಿ ನಿವೃತ್ತರಾದವರು. ಕೊಡೆ, ಜೊತೆಗೆ ಒಂದಿಷ್ಟು ಕೈಚೀಲ ತಯಾರಿಸುತ್ತಿದ್ದ ಆ ಕಂಪನಿಯನ್ನು ಯಾರೋ ದೊಡ್ಡವರು ಕೊಂಡು, ಹೆಸರು ಅಳಿಸಿ, ಬೋರ್ಡು ಇಳಿಸಿ ಬಹಳ ಕಾಲವಾಗಿತ್ತು. ಮನೆಯ ಷೋಕೇಸಿನಲ್ಲಿ ಮಾತ್ರ ಅದು ಇನ್ನೂ ಉಸಿರಾಡುತ್ತಿತ್ತು. ಅಲ್ಲಿ ಒಂದು ಶೀಲ್ಡು, ಅಧ್ಯಕ್ಷರು ಮಾವನ ಕೈ ಕುಲುಕುತ್ತಿರುವ ಫೋಟೋ, ಪಕ್ಕದಲ್ಲಿ ವಾರ್ಷಿಕ ವರದಿಗಳ ಸಾಲು. ಶೀಲ್ಡಿನ ಮೇಲೆ "ಕಂಪನಿಯ ಅತ್ಯುತ್ತಮ ವರ್ಷ" ಎಂದು ಕೆತ್ತಿಸಿದ್ದರು.

ಕೇಳಿದ ಮರುದಿನ ಬೆಳಿಗ್ಗೆಯೇ ಮಾವ ಅಚ್ಚುಕಟ್ಟಾಗಿ ಟೈಪು ಮಾಡಿದ ಒಂದು ಹಾಳೆಯನ್ನು ಅವಳ ಕೈಗಿಟ್ಟರು.

"ತಗೋ, ಹತ್ತೂ ವರ್ಷ ಇದೆ. ಕಣ್ಣು ಮುಚ್ಚಿಕೊಂಡು ಬರಕೋ."

"ವರದಿಗಳ ಪುಟಾನೂ ಬೇಕು ಮಾವ. ಜೆರಾಕ್ಸ್ ಮಾಡಿಸಿ ಇಡ್ಬೇಕಂತೆ."

"ಷೋಕೇಸಲ್ಲಿದೆ, ಮಾಡಿಸ್ಕೋ. ಧೂಳು ಹೊಡ್ದು ಮತ್ತೆ ಅಲ್ಲೇ ಇಡು."

ಅವಳು ತೆಗೆದು ನೋಡಿದರೆ ಐದೇ ವರದಿ.

"ಉಳಿದಿದ್ದು?"

ಮಾವನಿಗೆ ಈ ಪ್ರಶ್ನೆ ಇಷ್ಟವಾಯಿತು. ಕನ್ನಡಕ ಮೇಲೇರಿಸಿಕೊಂಡರು. "ಅಲ್ಲೇ ಇರೋದು ಉಪಾಯ. ಪ್ರತಿ ವರದೀಲೂ ಈ ವರ್ಷದ ಅಂಕಿ ಒಂದು ಕಾಲಮ್ಮು, ಹೋದ ವರ್ಷದ್ದು ಪಕ್ಕದ ಕಾಲಮ್ಮು. ಅಂದ್ಮೇಲೆ ಎಲ್ಲಾ ವರ್ಷದ್ದೂ ಯಾಕೆ ಇಟ್ಕೋಬೇಕು? ಒಂದು ಬಿಟ್ಟು ಒಂದು ಇಟ್ರೆ ಹತ್ತು ವರ್ಷ ಆಗೋಯ್ತು. ಹಳೇ ಮನೆ ಬಿಡುವಾಗ ಅರ್ಧ ರದ್ದಿಗೆ ಹಾಕಿ ಜಾಗ ಉಳಿಸಿದೆ. ನಮ್ಮ ಆಫೀಸಲ್ಲಿ ಎಲ್ರೂ ಹಂಗೇ ಮಾಡ್ತಿದ್ದಿದ್ದು."

"ಜಾಗ ಉಳಿಸಿದ್ರಂತೆ! ಅಟ್ಟದ ತುಂಬಾ ಕೊಡೆ ತುಂಬ್ಕೊಂಡು" ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ಆ ಕೊಡೆಗಳ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತು. ಬದನೆಕಾಯಿ ಬಣ್ಣದ, ಮರದ ಹಿಡಿಯ ಕೊಡೆಗಳ ಕಟ್ಟುಗಳು ಅಟ್ಟದಲ್ಲಿ ಒತ್ತೊತ್ತಾಗಿ ಮಲಗಿದ್ದವು. ಬಂಧುಬಳಗದಲ್ಲಿ ಯಾರ ಮದುವೆಯಾಗಲಿ, ಯಾರು ಮನೆ ಕಟ್ಟಲಿ, ಈ ಮನೆಯಿಂದ ಹೋಗುವ ಉಡುಗೊರೆ ಒಂದು ಕೊಡೆ. ಅವಳು ಸೊಸೆಯಾಗಿ ಬಂದ ದಿನ ಅವಳಿಗೂ ಒಂದು ಸಿಕ್ಕಿತ್ತು. ಬಿಚ್ಚಿದರೆ ಒಂದು ಕಡ್ಡಿ ತಪ್ಪದೆ ಕಣ್ಣಿಗೆ ಬರುತ್ತಿತ್ತು.

ಹಾಳೆ ಕೈಯಲ್ಲಿತ್ತು, ಐದು ವರದಿ ಎದುರಿಗಿತ್ತು. ಇನ್ನೊಬ್ಬರಾಗಿದ್ದರೆ ಕೂತು ಬರೆದು ಮುಗಿಸುತ್ತಿದ್ದರು. ಅವಳಿಗೆ ಮನಸ್ಸು ಒಪ್ಪಲಿಲ್ಲ. ಪ್ರತಿ ವರ್ಷದ ಪುಟವನ್ನೂ ಇಡಿ ಎಂದು ಪ್ರೊಫೆಸರು ಹೇಳಿದ್ದರಲ್ಲವೇ? ಪಕ್ಕದ ಕಾಲಮ್ಮನ್ನು ಅವರು ಒಪ್ಪುತ್ತಾರೋ ಇಲ್ಲವೋ? ಒಪ್ಪದಿದ್ದರೆ? ಈ "ಇಲ್ಲದಿದ್ದರೆ"ಗಳೇ ಅವಳನ್ನು ಗೇಟಿನಿಂದ ವಾಪಸ್ಸು ಕರೆಯುವುದು. ಈ ಸಲವೂ ಅವೇ ಅವಳ ಕಾಲು ಹೊರಡಿಸಿದವು.

ಕಂಪನಿಗಳ ನೋಂದಣಿ ಕಚೇರಿಯ ಕೌಂಟರಿನಲ್ಲಿದ್ದಾತ ಹೆಸರು ಕೇಳಿ, ಕಂಪ್ಯೂಟರಿನಲ್ಲಿ ಕುಟ್ಟಿ, "ಅಷ್ಟು ಹಳೇದು ಇದರೊಳಗೆ ಬಂದಿಲ್ಲಮ್ಮ. ಗೋದಾಮಿನಲ್ಲಿರಬೇಕು. ಅರ್ಜಿ ಕೊಟ್ಟು ಹೋಗಿ, ಬಂದಾಗ ಬರುತ್ತೆ" ಎಂದ.

"ಬಂದಾಗ ಅಂದ್ರೆ?"

"ಬಂದಾಗ."

ಕಂಪನಿಯನ್ನು ಕೊಂಡವರ ಆಫೀಸಿಗೆ ಫೋನು ಮಾಡಿದರೆ, ನೀವು ಷೇರುದಾರರೇ ಎಂದು ಕೇಳಿ, ಅಲ್ಲ ಎಂದ ಕೂಡಲೇ ಸಂಗೀತ ಹಾಕಿ ಮಾಯವಾದರು. ಕೊನೆಗೆ ಷೇರುಪೇಟೆಯ ಹಳೆಯ ಕಟ್ಟಡದಲ್ಲಿ ಒಂದು ಓದುವ ಕೋಣೆ ಇದೆಯೆಂದು ಸಹಪಾಠಿಯೊಬ್ಬಳಿಂದ ತಿಳಿಯಿತು. ಲಿಫ್ಟು ಕೆಟ್ಟಿತ್ತು. ಮೇಲೆ ಹತ್ತಿದರೆ ಎತ್ತರದ ಕಪಾಟುಗಳು, ಕಿಟಕಿಗೆ ಅಂಟಿಸಿದ ಹಳೆಯ ಕ್ಯಾಲೆಂಡರು, ಫ್ಯಾನಿನ ಕೆಳಗೆ ಹೆಣಿಗೆ ಹಾಕುತ್ತಿದ್ದ ಗ್ರಂಥಪಾಲಕಿ. ಕೊಡೆ ಕಂಪನಿ ಎಂದ ಕೂಡಲೇ ಆಕೆ ಎದ್ದು ಬೈಂಡು ಮಾಡಿದ ಒಂದು ದಪ್ಪ ಸಂಪುಟ ತಂದು ಮೇಜಿನ ಮೇಲೆ ಹಾಕಿದರು. ಒಂದು ವರ್ಷವೂ ಬಿಟ್ಟಿರಲಿಲ್ಲ.

"ಕೆಮ್ಮು ಬಂದ್ರೆ ಹೊರಗೆ ಹೋಗಿ ಕೆಮ್ಮಿ" ಎಂದಷ್ಟೇ ಹೇಳಿ ಆಕೆ ಹೆಣಿಗೆಗೆ ಮರಳಿದರು.

ಅವಳು ಮಾವನ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದೇ ವರ್ಷಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದಳು. ಸರಿ, ಸರಿ, ಇದೂ ಸರಿ. ತನ್ನ ಅನುಮಾನಕ್ಕೆ ತನಗೇ ನಾಚಿಕೆಯಾಗತೊಡಗಿತು. ಶೀಲ್ಡಿನ ವರ್ಷ ಬಂತು. ಎರಡು ಕೋಟಿ ಚಿಲ್ಲರೆ ಲಾಭ, ಹಾಳೆಯಲ್ಲೂ ಅಷ್ಟೇ. ಪುಟ ತಿರುಗಿಸಿ ಅದರ ಮುಂದಿನ ವರ್ಷದ ವರದಿಗೆ ಬಂದಳು. ಮಾವನ ಷೋಕೇಸಿನಲ್ಲಿ ಇಲ್ಲದ ವರದಿ ಅದು. ಆ ವರ್ಷದ ಅಂಕಿ ಹಾಳೆಗೆ ತಾಳೆಯಾಯಿತು. ಇಷ್ಟಾದರೆ ಸಾಕಿತ್ತು, ಆದರೆ ಅವಳ ಕಣ್ಣು ಪಕ್ಕದ ಕಾಲಮ್ಮಿಗೂ ಹೋಯಿತು. ಹೋದ ವರ್ಷ ಎಂಬ ಕಾಲಮ್ಮು. ಎಂದರೆ ಶೀಲ್ಡಿನ ವರ್ಷ.

ಎಪ್ಪತ್ತು ಲಕ್ಷ ನಷ್ಟ.

ಸಾಲು ತಪ್ಪಿ ಓದಿದೆನೆಂದುಕೊಂಡು ಸ್ಕೇಲು ಇಟ್ಟು ಓದಿದಳು. ನಷ್ಟವೇ. ಕಂಪನಿ ಬೇರೆ ಇರಬಹುದೆಂದು ರಟ್ಟು ನೋಡಿ ಬಂದಳು. ಅದೇ ಕಂಪನಿ. ಅಂಕಿಯ ತಲೆಯ ಮೇಲೆ ಇರುವೆಯಷ್ಟು ಚಿಕ್ಕ ನಕ್ಷತ್ರವೊಂದಿತ್ತು. ಅದರ ಜೋಡಿ ನಕ್ಷತ್ರವನ್ನು ಹುಡುಕುತ್ತ ಆ ವರದಿಯ ಕೊನೆಯ ಪುಟಗಳಿಗೆ ಹೋದರೆ ಸಣ್ಣ ಅಕ್ಷರದ ಟಿಪ್ಪಣಿ ಸಿಕ್ಕಿತು. ಅಂಗಡಿಗಳಿಗೆ ಕಳಿಸಿ ಮಾರಾಟವೆಂದು ಬರೆದುಕೊಂಡಿದ್ದ ಸರಕಿನಲ್ಲಿ ಹೆಚ್ಚಿನ ಪಾಲು ವಾಪಸ್ಸು ಬಂದ ಕಾರಣ ಹಿಂದಿನ ವರ್ಷದ ಅಂಕಿಯನ್ನು ತಿದ್ದಲಾಗಿದೆ ಎಂದು ಅದು ಹೇಳುತ್ತಿತ್ತು. ಕೆಳಗೆ ಲೆಕ್ಕಪತ್ರ ಮುಖ್ಯಸ್ಥರ ಸಹಿ. ಬಾಲ ಸುತ್ತಿದ ಆ ಸಹಿಯನ್ನು ಅವಳು ತನ್ನ ಮಗನ ಶಾಲೆಯ ಪ್ರಗತಿಪತ್ರದಲ್ಲಿ ಎಷ್ಟೋ ಸಲ ನೋಡಿದ್ದಳು.

ಗ್ರಂಥಪಾಲಕಿ ತಲೆ ಎತ್ತಿದರು. "ಕೆಮ್ಮಾ?"

"ಅಲ್ಲ" ಎಂದಳು ಅವಳು. "ಜೆರಾಕ್ಸು. ಪ್ರತಿ ವರ್ಷದ್ದೂ ಒಂದೊಂದು ಪುಟ ಬೇಕು, ಮೊದಲು ಈ ಮೂರು."

ಮನೆಗೆ ಬಂದವಳು ಮಾವನ ಹತ್ತಿರ ಹೋಗುವ ಧೈರ್ಯ ಸಾಲದೆ ಅತ್ತೆಯ ಪಕ್ಕ ನಿಂತು ಬಟ್ಟೆ ಮಡಚತೊಡಗಿದಳು. ಮಾತಿಗೆ ಮಾತು ಸೇರಿಸುತ್ತ, ಮಾವನಿಗೆ ಶೀಲ್ಡು ಬಂದ ವರ್ಷ ಹೇಗಿತ್ತು ಎಂದು ಕೇಳಿದಳು.

"ಆ ವರ್ಷಾನಾ? ಆಕಾಶ ಒಂದು ಹನಿ ಉದುರಿಸ್ಲಿಲ್ಲ" ಎಂದರು ಅತ್ತೆ. "ಟ್ಯಾಂಕರ್ ಹಿಂದೆ ಬಕೆಟ್ ಹಿಡ್ಕೊಂಡು ಓಡಿ ಓಡಿ ನನ್ನ ಸೊಂಟ ಬಿದ್ದೋಯ್ತು. ಅದಾಗಿ ಸ್ವಲ್ಪ ದಿನಕ್ಕೇ ನೋಡು ಈ ಕೊಡೆಗಳು ಬಂದು ಅಟ್ಟ ಹತ್ತಿದ್ದು. ಯಾಕೆ ಕೇಳ್ತಿ?"

ಅವಳ ಕೈಯಲ್ಲಿ ಅರ್ಧ ಮಡಚಿದ ದುಪ್ಪಟಿ ಹಾಗೇ ನಿಂತಿತು. ಮಳೆಯೇ ಬಾರದ ವರ್ಷ ಕೊಡೆ ಕಂಪನಿಗೆ ಎಂದೂ ಕಾಣದ ಲಾಭ. ಎಲ್ಲರ ಕಣ್ಣೆದುರಿಗೆ ಷೋಕೇಸಿನಲ್ಲಿ ಇಷ್ಟು ವರ್ಷ ಅದು ಮಿರುಗುತ್ತ ನಿಂತಿತ್ತು. ಮಳೆಗಾಲಕ್ಕೆ ಮುಂಚೆ ಅಂಗಡಿಗಳಿಗೆ ಕೊಡೆ ತುಂಬಿದರು, ಮಾರಾಟವೆಂದು ಬರೆದರು, ವರ್ಷದ ಲೆಕ್ಕ ಮುಚ್ಚಿದರು, ಶೀಲ್ಡು ಹಂಚಿದರು. ಆಮೇಲೆ ಮಾರದ ಕೊಡೆಗಳು ಕಂಪನಿಗೆ ಮರಳಿದವು, ಅದರಲ್ಲಿ ಒಂದಿಷ್ಟು ಕಟ್ಟು ಈ ಮನೆಯ ಅಟ್ಟ ಹತ್ತಿದವು.

ಮರುದಿನ ಬೆಳಿಗ್ಗೆ, ಪತ್ರಿಕೆ ಓದಿ ಮುಗಿದ ಮೇಲೆ, ಅವಳು ಮೂರು ಪುಟಗಳನ್ನು ಮಾವನ ಮುಂದೆ ಇಟ್ಟಳು.

"ಮಾವ, ಈ ಒಂದು ವರ್ಷ ನಿಮ್ಮ ಹಾಳೇಲಿ ಬೇರೆ ಇದೆ, ಇಲ್ಲಿ ಬೇರೆ ಇದೆ."

ಮಾವ ಪುಟಗಳನ್ನು ಮುಟ್ಟಲಿಲ್ಲ. ಮೇಲಿನಿಂದಲೇ ನೋಡಿದರು. "ಇದನ್ನೆಲ್ಲಿಂದ ತಂದೆ?"

"ಷೇರುಪೇಟೆ ಓದುವ ಕೋಣೆಯಿಂದ."

"ಅಂದ್ರೆ ನಾನು ಕೊಟ್ಟ ಲೆಕ್ಕ ಹಿಡ್ಕೊಂಡು ಊರೆಲ್ಲ ತಪಾಸಣೆ ಮಾಡಿಸ್ಕೊಂಡು ಬಂದಿದ್ದೀಯ."

"ತಪಾಸಣೆ ಅಲ್ಲ ಮಾವ, ಪುಟ ಬೇಕಿತ್ತು..."

"ಮೂವತ್ತು ವರ್ಷ ಲೆಕ್ಕ ಬರ್ದಿದ್ದೀನಿ. ಒಬ್ಬ ಆಡಿಟರು ನನ್ನ ಕಡೆ ಬೆರಳು ತೋರಿಸ್ಲಿಲ್ಲ. ಮನೆ ಸೊಸೆ ತೋರಿಸ್ತಾಳೆ." ದನಿ ಏರಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. "ಅದು ಆವತ್ತಿನ ನಿಯಮದ ಪ್ರಕಾರ ಸರಿಯಾಗಿದ್ದ ಲೆಕ್ಕ. ನಿಯಮ ಬದಲಾಯ್ತು, ಅಂಕಿ ಬದಲಾಯ್ತು. ಒಂದು ನಕ್ಷತ್ರಕ್ಕೆ ಇಷ್ಟು ರಾದ್ಧಾಂತ ಬೇಡ. ನನ್ನ ಹಾಳೆ ಹಾಕು. ಇಲ್ಲಾಂದ್ರೆ ಬೇರೆ ಕಂಪನಿ ನೋಡ್ಕೋ. ನನ್ನ ಕಂಪನಿ ಬೇಡ."

"ಬೇರೆ ನೋಡೋಕೆ ಈಗ ಸಮಯ ಇಲ್ಲ ಮಾವ."

"ಹಾಗಾದ್ರೆ ನನ್ನ ಹಾಳೆ."

ಅವಳು ಪುಟಗಳನ್ನು ಎತ್ತಿಕೊಂಡಳು. "ಎರಡೂ ಹಾಕ್ತೀನಿ" ಎಂದಳು. ಆ ಮಾತು ಬಾಯಿಂದ ಹೊರಬಿದ್ದಾಗ ಅವಳಿಗೇ ಆಶ್ಚರ್ಯವಾಯಿತು. ಆದರೂ ಅದನ್ನು ಹಿಂದಕ್ಕೆ ನುಂಗಿಕೊಳ್ಳಬೇಕು ಅನ್ನಿಸಲಿಲ್ಲ.

ಗಂಡ ಸಂಜೆ ಬಂದು ಸಂಗತಿ ಕೇಳಿ ಎರಡೂ ಕೈ ಮೇಲೆತ್ತಿದ. "ಅಪ್ಪನ ಲೆಕ್ಕ, ನಿನ್ನ ಕಾಲೇಜು. ನಾನು ಮಧ್ಯೆ ಬರಲ್ಲಪ್ಪ. ಆದ್ರೂ ಒಂದು ಅಂಕಿ ತಾನೇ, ಬಿಟ್ಬಿಡಬಾರ್ದಾ?"

"ಒಂದು ಗುಂಡಿ ತಾನೇ ಅಂತ ಗ್ಯಾಸು ಬಿಟ್ಟು ಹೋಗ್ತೀರಾ?"

ಅವನು ಬಟ್ಟೆ ಬದಲಿಸಲು ಒಳಗೆ ಹೋದ.

ಪ್ರೊಫೆಸರ ಹತ್ತಿರ ಹೋದರೆ ಅಲ್ಲಿ ಇನ್ನೊಂದು ಗೋಡೆ. ಅವರು ಅವಳ ಕರಡನ್ನು ನೋಡಿ ಹುಬ್ಬು ಗಂಟಿಕ್ಕಿದರು. "ನಮೂನೆಯಲ್ಲಿ ವರ್ಷಕ್ಕೆ ಒಂದೇ ಚೌಕ ಇದೆ. ನೀವು ಒಂದೇ ಚೌಕಕ್ಕೆ ಎರಡು ಅಂಕಿ ತುರುಕಿದ್ದೀರಿ. ಒಂದು ಆರಿಸಿಕೊಳ್ಳಿ."

"ಎರಡೂ ಕಂಪನಿಯದೇ ವರದಿ ಸರ್."

"ಇರಬಹುದು. ಎರಡೂ ಸರಿಯಾಗಿರೋಕೆ ಸಾಧ್ಯ ಇಲ್ಲವಲ್ಲ." ಆಮೇಲೆ ಅವರ ಮುಖ ಅರಳಿತು. "ಅಂದ ಹಾಗೆ, ನಿಮ್ಮ ಮಾವ ಅದೇ ಕಂಪನಿಯವರಂತೆ. ನಿಮ್ಮ ಸಹಪಾಠಿ ಹೇಳಿದರು. ನಾನು ಫೋನು ಮಾಡಿ ಅತಿಥಿಯಾಗಿ ಕರೆದಿದ್ದೀನಿ. ಶನಿವಾರ ಬರ್ತಾರೆ. ಯಾವುದು ಸರಿ ಅಂತ ಅವರೇ ಹೇಳಲಿ, ಮುಗೀತು."

ಉಳಿದ ದಿನಗಳು ಮನೆಯಲ್ಲಿ ಮೂಕನಾಟಕದಂತೆ ಕಳೆದವು. ಮಾವ ಅವಳ ಕೈಯ ಕಾಫಿ ಕುಡಿದರು, ಲೋಟ ಕೆಳಗಿಡುವಾಗ ಮಾತ್ರ ಸ್ವಲ್ಪ ಜೋರಾಗಿ ಇಟ್ಟರು. ಇನ್ಸ್‌ಪೆಕ್ಟ್ರಮ್ಮ ಎಂಬ ಹೆಸರು ಮನೆಯಿಂದ ಮಾಯವಾಯಿತು. ಅದಿಲ್ಲದೆ ಮನೆ ಇಷ್ಟು ಬಿಕೋ ಎನ್ನುತ್ತದೆಂದು ಅವಳು ಎಣಿಸಿರಲಿಲ್ಲ. ಎರಡು ಸಲ ಕಂಪ್ಯೂಟರಿನ ಮುಂದೆ ಕೂತು ನಷ್ಟದ ಅಂಕಿಯ ಮೇಲೆ ಬೆರಳಿಟ್ಟಳು. ಅಳಿಸಿದರೆ ಪಾಸು, ಅಳಿಸಿದರೆ ಮಾವನ ನಗು, ಅಳಿಸಿದರೆ ಎರಡನೇ ವರ್ಷ. ಯಾರಿಗೂ ಹಾನಿಯಿಲ್ಲ, ಕಂಪನಿಯೇ ಸತ್ತಿದೆ. ಆದರೆ ಕೆಳಗೆ ತನ್ನ ಹೆಸರಿದೆ. ನೋಡಿಯೂ ನೋಡದವಳಂತೆ ಸಹಿ ಹಾಕುವುದಾದರೆ ಇಷ್ಟು ಕಾಲ ಗೇಟಿನಿಂದ ವಾಪಸ್ಸು ಬಂದು ಬಂದು ತಾನು ಮುಟ್ಟಿ ನೋಡಿದ್ದೇನು? ಎರಡು ಸಲವೂ ಬೆರಳು ತೆಗೆದಳು.

ಶನಿವಾರ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವಳಿಗಿಂತ ಮುಂಚೆಯೇ ಹೊರಟರು. ಬೇರೆ ಆಟೋ ಹಿಡಿದರು. ಅವಳು ತರಗತಿಗೆ ಹೋದಾಗ ಮುಂದಿನ ಸಾಲಿನಲ್ಲಿ ಪ್ರೊಫೆಸರ ಪಕ್ಕ ನೆಟ್ಟಗೆ ಕೂತಿದ್ದರು. ಕೈಯಲ್ಲಿ ಅದೇ ಟೈಪು ಮಾಡಿದ ಹಾಳೆ.

ಅವಳ ಸರದಿ ಬಂತು. ಮೊದಲ ಕೆಲವು ವರ್ಷದ ಲೆಕ್ಕವನ್ನು ತಡವರಿಸುತ್ತಲೇ ಹೇಳಿದಳು. ಹಿಂದಿನ ಸಾಲಿನವರು ಫೋನು ನೋಡುತ್ತಿದ್ದರು. ಪರದೆಯ ಮೇಲೆ ಶೀಲ್ಡಿನ ವರ್ಷ ಬಂದಾಗ, ಒಂದೇ ಚೌಕದಲ್ಲಿ ಒಂದು ಲಾಭ ಒಂದು ನಷ್ಟ ಮೇಲೆ ಕೆಳಗೆ ನಿಂತದ್ದನ್ನು ಕಂಡು ಕೆಲವರು ತಲೆ ಎತ್ತಿದರು.

"ಇಲ್ಲೇ ನಿಲ್ಲಿಸಿ" ಎಂದರು ಪ್ರೊಫೆಸರು. "ನಾನು ಇವರಿಗೆ ಒಂದು ಆರಿಸಿ ಅಂದಿದ್ದೆ. ಇವರು ಆರಿಸಿಲ್ಲ. ಸರ್, ಲೆಕ್ಕ ಬರೆದವರು ನೀವು. ನೀವೇ ಹೇಳಿಬಿಡಿ."

ಮಾವ ಎದ್ದು ನಿಂತರು. ಅವಳನ್ನು ನೋಡದೆ ಪರದೆಯನ್ನು ನೋಡಿ ಕೇಳಿದರು, ಯಾರೋ ಅಪರಿಚಿತಳನ್ನು ಕೇಳುವಂತೆ. "ಈ ಕೆಳಗಿನ ಅಂಕಿ ನಿಮಗೆ ಎಲ್ಲಿ ಸಿಕ್ಕಿತು?"

ನಿಮಗೆ ಎಂದದ್ದು ಕಪಾಳಕ್ಕೆ ಹೊಡೆದ ಹಾಗಾಯಿತು.

"ಮರುವರ್ಷದ ವರದಿಯಲ್ಲಿ. ಟಿಪ್ಪಣಿ ಇದೆ. ಅದರ ಪುಟ ಇದು."

ಪುಟವನ್ನು ಪರದೆಗೆ ತಂದಳು. ಸಣ್ಣ ಅಕ್ಷರ ದೊಡ್ಡದಾಗಿ ಗೋಡೆಯ ಮೇಲೆ ನಿಂತಿತು. ಕೆಳಗೆ ಬಾಲ ಸುತ್ತಿದ ಸಹಿ.

"ಮೇಲಿನ ಅಂಕಿ ಸುಳ್ಳು ಅಂತೀರಾ?" ಎಂದು ಕೇಳಿದರು ಮಾವ.

"ಇಲ್ಲ. ಮೇಲಿನದು ಬರೆದಾಗ ಕೊಡೆಗಳು ಅಂಗಡೀಲಿದ್ವು. ಕೆಳಗಿನದು ಬರೆದಾಗ ವಾಪಸ್ಸು ಬಂದಿದ್ವು." ಅವಳು ಪರದೆಯ ಮೇಲಿನ ಸಹಿಯತ್ತ ಕೈ ತೋರಿಸಿದಳು. "ಕಂಪನಿಯವರು ಶೀಲ್ಡು ಹಂಚಿ ಆಗಿತ್ತು. ಯಾರೂ ಕೇಳಿರಲಿಲ್ಲ. ಸುಮ್ಮನಿದ್ದಿದ್ರೆ ನಡೀತಿತ್ತು. ಆದ್ರೂ ಒಬ್ಬರು ಅದನ್ನ ತಿದ್ದಿ, ಯಾಕೆ ತಿದ್ದಿದ್ದು ಅಂತ ಬರೆದು, ಕೆಳಗೆ ತಮ್ಮ ಹೆಸರು ಹಾಕಿದ್ದಾರೆ. ಈ ಹತ್ತು ವರ್ಷದಲ್ಲಿ ನಾನು ಹೆಚ್ಚು ನಂಬೋದು ಈ ಸಹೀನ. ಅದನ್ನ ಅಳಿಸು ಅಂತ ಯಾರು ಹೇಳಿದ್ರೂ ಅಳಿಸೋದಿಲ್ಲ. ಸಹಿ ಹಾಕಿದವರೇ ಹೇಳಿದ್ರೂ."

ಫೋನು ನೋಡುತ್ತಿದ್ದವರು ಈಗ ಮುಂದಿನ ಸಾಲಿನಲ್ಲಿ ನಿಂತ ಮಾವನ ಬೆನ್ನನ್ನು ನೋಡುತ್ತಿದ್ದರು. ಪ್ರೊಫೆಸರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

ಮಾವ ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಸಹಿ ನನ್ನದೇ" ಎಂದರು. "ಎರಡು ಕಡೇನೂ." ಕೂತುಬಿಟ್ಟರು. ಸ್ವಲ್ಪ ಹೊತ್ತಿಗೆ, ಬೇರೆ ಯಾರೋ ಹೊಲಿಗೆ ಯಂತ್ರದ ಕಂಪನಿಯ ವಿಷಯ ಶುರು ಮಾಡುವಾಗ, ಸದ್ದಿಲ್ಲದೆ ಎದ್ದು ಹೊರಗೆ ಹೋದರು.

ಸೋಮವಾರ ಫಲಿತಾಂಶದ ಪಟ್ಟಿ ಹಚ್ಚಿದ್ದರು. ಅವಳು ಪಾಸಾಗಿದ್ದಳು. ನಮೂನೆ ಮೀರಿದ್ದಕ್ಕೆ ಅಂಕ ಕಳೆದಿದ್ದರು. ಎರಡು ಸಲ ಓದಿ ನೋಡಿದಳು, ಆಮೇಲೆ ಪ್ರೊಫೆಸರ ಕೋಣೆಗೆ ಹೋಗಿ, ಕಳೆದ ಅಂಕಕ್ಕೆ ಮರುಪರಿಶೀಲನೆ ಬೇಕೆಂದು ಅರ್ಜಿ ಕೊಟ್ಟು ಬಂದಳು. "ಪಾಸಾಗಿದ್ದೀರಲ್ಲ, ಇನ್ನೇನು?" ಎಂದು ಅವರು ಕೇಳಿದರು. "ತಪ್ಪಿರೋದು ನಮೂನೆಯಲ್ಲಿ ಸರ್" ಎಂದಳು ಅವಳು.

ಮನೆಗೆ ಬಂದರೆ ವರಾಂಡದಲ್ಲಿ ಮಾವ ಅವಳ ಅಸೈನ್‌ಮೆಂಟಿನ ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕೈಯಲ್ಲಿ ಕೆಂಪು ಪೆನ್ಸಿಲು. ಷೋಕೇಸಿನಲ್ಲಿ ಶೀಲ್ಡು ಇದ್ದಲ್ಲೇ ಇತ್ತು, ಫೋಟೋನೂ. ಅವಳು ಚಪ್ಪಲಿ ಬಿಡುವಷ್ಟರಲ್ಲಿ ಅವರು ಕೆಮ್ಮಿದರು.

"ಇನ್ಸ್‌ಪೆಕ್ಟ್ರಮ್ಮ."

ಅವಳು ನಿಂತಳು.

"ಕೈಚೀಲದ ಪಾಲು ಶೇಕಡಾ ಹದಿನೆಂಟು ಅಂತ ಬರ್ದಿದ್ದೀಯ. ತಪ್ಪಿದೆ."

ಬಾಗಿ ನೋಡಿದಳು. ಕೆಂಪು ಪೆನ್ಸಿಲಿನ ಸುತ್ತು, ಸುತ್ತಿನೊಳಗೆ ತನ್ನ ಅಂಕಿ.

"ಇಲ್ಲ ಮಾವ, ಸರಿ ಇದೆ."

"ಇನ್ನೊಂದ್ಸಲ ನೋಡು."

"ನಾನು ನೋಡಿದ್ದೀನಿ." ಅವಳು ಚೀಲದಿಂದ ಕ್ಯಾಲ್ಕುಲೇಟರು ತೆಗೆದು ಅವರ ತೊಡೆಯ ಮೇಲಿದ್ದ ಪುಟದ ಮೇಲಿಟ್ಟಳು. "ಈ ಸಲ ನೀವು ನೋಡಿ."

ಒಳಗೆ ಹೋಗಿ ಒಲೆ ಹಚ್ಚಿದಳು. ವರಾಂಡದಿಂದ ಕ್ಯಾಲ್ಕುಲೇಟರಿನ ಗುಂಡಿಗಳು ಒಂದೊಂದಾಗಿ, ನಿಧಾನವಾಗಿ, ಟಕ್ ಟಕ್ ಎನ್ನುವುದು ಕೇಳುತ್ತಿತ್ತು. ಮುಗಿದವು. ಆಮೇಲೆ ಮತ್ತೆ ಮೊದಲಿನಿಂದ ಶುರುವಾದವು.